ಸತ್ಯಾಂಶ: ಎ.ಸಿ. ಗ್ಯಾಸ್ ಡೀಸೆಲ್‌ನಂತೆ ಖರ್ಚಾಗುವುದಿಲ್ಲ

‘ಹಳೆಯ ಲಾರಿಯ ಎ.ಸಿ.ಗೆ ಪ್ರತಿ ಬೇಸಿಗೆಯೂ ಗ್ಯಾಸ್ ತುಂಬಿಸಲೇಬೇಕು’ ಎಂಬ ಸಂದೇಶ ಮಂಡ್ಯದ ಚಾಲಕರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ತಂಪು ಮಾಡುವ ಈ ಗ್ಯಾಸ್, ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತದೆ, ಉರಿದು ಹೋಗುವುದಿಲ್ಲ. ಹಳೆಯ ರಬ್ಬರ್ ಹೋಸ್, ಕಂಪ್ರೆಸರ್ (ಗ್ಯಾಸನ್ನು ಒತ್ತುವ ಪಂಪ್) ಸೀಲ್‌ಗಳಿಂದ ಹಲವು ವರ್ಷಗಳಲ್ಲಿ ಸ್ವಲ್ಪ ಜಿನುಗಬಹುದು. ಆದರೆ ವರ್ಷವರ್ಷವೂ ಖಾಲಿಯಾದರೆ ಅದು ಸೋರಿಕೆಯೇ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು ಸೋರುವ ಜಾಗ ಹುಡುಕಿಸಿ. ಅಳತೆ ಮೀರಿ ತುಂಬಿಸಿದರೆ ಒತ್ತಡ ಏರಿ ಕಂಪ್ರೆಸರ್ ಕೆಡಬಹುದು. ಬಾಡಿಗೆ ಓಡಿಸಿ ದುಡಿದ ಹಣ ಹೀಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಬ್ಬಿನ ಲಾರಿಗಳಲ್ಲಂತೂ ರೇಡಿಯೇಟರ್ ಮುಂದಿನ ಕಂಡೆನ್ಸರ್‌ಗೆ (ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಧೂಳು, ಒಣ ಸೋಗೆಯ ಚೂರು ಮೆತ್ತಿಕೊಂಡರೂ ತಂಪು ಕಡಿಮೆಯಾಗುತ್ತದೆ. ಮೆಲ್ಲಗೆ ನೀರು ಹಾಯಿಸಿ ತೊಳೆದು ನೋಡಿ.

ಹೀಟರ್‌ಗೆ ಈ ಗ್ಯಾಸಿನ ಸಂಬಂಧವೇ ಇಲ್ಲ. ಅದಕ್ಕೆ ಬಿಸಿ ಕೊಡುವುದು ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಬಿಸಿ ಬರದಿದ್ದರೆ ಕೂಲೆಂಟ್ ಮಟ್ಟ, ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ಬಿಸಿಗೆ ತಕ್ಕಂತೆ ನಿಯಂತ್ರಿಸುವ ಕವಾಟ) ಪರೀಕ್ಷಿಸಿ. ಎಂಜಿನ್ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆರೆಯಿರಿ.