ಇಲಿಮರಿ ಬೇಗ ಕಣ್ಣು ಬಿಟ್ಟರೆ ಎಷ್ಟು ಸೈಟೇಷನ್?

ಪೇಪರುಗಳ ಉಲ್ಲೇಖ ಎಣಿಸಿ ವರ್ಷಕ್ಕೊಮ್ಮೆ ಹಾಕುವ ವಿಜ್ಞಾನಿಗಳ ಪಟ್ಟಿ ಬಂದ ವಾರ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. 'ವಿಶ್ವದ ಟಾಪ್ ಶೇ 2 ವಿಜ್ಞಾನಿಗಳಲ್ಲಿ ನಮ್ಮವರು' ಅಂತ ಫೋಟೋ, ಹಾರ, ಶಾಲು, ಮೈಸೂರು ಪೇಟ. ಪೇಟ ಹಾಕಿಸಿಕೊಂಡವರಲ್ಲಿ ನಿಜಕ್ಕೂ ದೊಡ್ಡ ಕೆಲಸ ಮಾಡಿದವರು ಇದ್ದಾರೆ. ಮಾನಸಗಂಗೋತ್ರಿಯಲ್ಲಿ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐನಲ್ಲಿ ಜೀವನವಿಡೀ ಲ್ಯಾಬಿನಲ್ಲಿ ನಿಂತು ಕಾಲು ನೋಯಿಸಿಕೊಂಡವರು. ಅವರ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರು ಇರುವುದು ಅದಾದ ಮೇಲೆ ಶುರುವಾಗುವ ವಿಚಾರಣೆ ಬಗ್ಗೆ. 'ಸರ್, ನಿಮ್ಮದು ಎಚ್-ಇಂಡೆಕ್ಸ್ ಎಷ್ಟು?' ಮಂಡ್ಯದ ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವ ನನ್ನಂಥವನನ್ನೂ ಬಿಡುವುದಿಲ್ಲ. ಸಂಬಳ ಎಷ್ಟು ಅಂತ ಕೇಳುವುದಕ್ಕೆ ಸಂಕೋಚ ಪಡುವ ಜನ ಇದನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಿಮ್ಮ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ಕನಿಷ್ಠ 10 ಸೈಟೇಷನ್ ಬಂದಿರುವ ಪೇಪರುಗಳು ನಿಮ್ಮಲ್ಲಿ 10 ಇದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಹೋರ್ಹೆ ಹಿರ್ಷ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಸಂಖ್ಯೆಯನ್ನು ಹಿಡಿದುಕೊಂಡು ಮನುಷ್ಯನನ್ನು ತೂಗಲು ಹೊರಟಾಗ ನನಗೆ ಅಮೆರಿಕದ ಬಯೋಕೆಮಿಸ್ಟ್ ಸ್ಟ್ಯಾನ್ಲಿ ಕೋಹೆನ್ ನೆನಪಾಗುತ್ತಾರೆ. ಜೀವಕೋಶಗಳಿಗೆ 'ಬೆಳೆಯಿರಿ' ಎಂದು ಹೇಳುವ ಪ್ರೋಟೀನುಗಳ ಬಗ್ಗೆ, ಅಂದರೆ ಗ್ರೋತ್ ಫ್ಯಾಕ್ಟರುಗಳ ಬಗ್ಗೆ ಇವತ್ತು ಯಾರು ಏನೇ ಬರೆದರೂ ಎಲ್ಲೋ ಒಂದು ಕಡೆ ಅವರ ಕೆಲಸದ ಮೇಲೆ ನಿಂತಿರುತ್ತದೆ.

ಕೋಹೆನ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ದರ್ಜಿ. ಫೀಸಿಲ್ಲದ ಬ್ರೂಕ್ಲಿನ್ ಕಾಲೇಜು ಇದ್ದದ್ದಕ್ಕೆ ಓದು ಮುಂದುವರಿಯಿತು. ಮುಂದೆ ಓದುವ ದುಡ್ಡಿಗಾಗಿ ಹಾಲಿನ ಡೇರಿಯಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದರು. ಗೆಜ್ಜಲಗೆರೆಯ ಡೇರಿಯಲ್ಲಿ ಲ್ಯಾಬ್ ಕೆಲಸ ಮಾಡುತ್ತಿರುವ ನಮ್ಮ ಹಳೇ ಹುಡುಗರು ದಯವಿಟ್ಟು ಇದನ್ನು ಗಮನಿಸಬೇಕು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಎರೆಹುಳುವಿನ ಮೇಲೆ. ರಾತ್ರಿ ಹೊತ್ತು ಕ್ಯಾಂಪಸ್ಸಿನ ಹುಲ್ಲುಹಾಸಿನಲ್ಲಿ ಬಗ್ಗಿಕೊಂಡು 5,000ಕ್ಕೂ ಜಾಸ್ತಿ ಹುಳು ಹಿಡಿದೆ ಅಂತ ಅವರೇ ಬರೆದುಕೊಂಡಿದ್ದಾರೆ. ಇವತ್ತು ಇಂಥ ಸಿನಾಪ್ಸಿಸ್ ತೆಗೆದುಕೊಂಡು ಬಂದ ಹುಡುಗನಿಗೆ ನಮ್ಮ ಕಮಿಟಿಗಳಲ್ಲಿ ಏನು ಹೇಳುತ್ತಾರೆ ಗೊತ್ತಲ್ಲ? 'ಇದರಲ್ಲಿ ಇಂಪ್ಯಾಕ್ಟ್ ಎಲ್ಲಿದೆಯಪ್ಪಾ?'

1953ರಲ್ಲಿ ಅವರು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಹ್ಯಾಂಬರ್ಗರ್ ಅವರ ಪ್ರಾಣಿಶಾಸ್ತ್ರ ವಿಭಾಗಕ್ಕೆ ಸೇರಿದರು. ಅಲ್ಲಿ ಇಟಲಿಯಿಂದ ಬಂದಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಇದ್ದರು. ಇಲಿಯ ಒಂದು ಗೆಡ್ಡೆಯಲ್ಲಿ ಕೋಳಿಭ್ರೂಣದ ನರಗಳನ್ನು ಬೆಳೆಸುವ ಏನೋ ಇದೆ ಅಂತ ಆಕೆ ಕಂಡುಕೊಂಡಿದ್ದರು. ಅದು ಏನು ಅಂತ ಬೇರ್ಪಡಿಸುವುದು ಕೋಹೆನ್ ಪಾಲಿಗೆ ಬಂತು. ಅದು ಪ್ರೋಟೀನೋ ನ್ಯೂಕ್ಲಿಯಿಕ್ ಆಮ್ಲವೋ (ಡಿಎನ್‌ಎ, ಆರ್‌ಎನ್‌ಎ ಜಾತಿಯದೋ) ಅಂತ ನೋಡಲು ಹಾವಿನ ವಿಷ ಹಾಕಿದರು. ನ್ಯೂಕ್ಲಿಯಿಕ್ ಆಮ್ಲ ಕತ್ತರಿಸುವ ಕಿಣ್ವ ವಿಷದಲ್ಲಿ ಇರುತ್ತದೆ. ನರ ಬೆಳೆಯುವುದು ನಿಂತರೆ ನ್ಯೂಕ್ಲಿಯಿಕ್ ಆಮ್ಲ, ನಿಲ್ಲದಿದ್ದರೆ ಪ್ರೋಟೀನು ಅಂತ ಲೆಕ್ಕ. ಆದದ್ದೇ ಬೇರೆ. ನರಗಳು ಮೊದಲಿಗಿಂತ ಜೋರಾಗಿ ಬೆಳೆದವು! ಗೆಡ್ಡೆಯ ಸಾರವೇ ಬೇಡ, ಬರೀ ವಿಷ ಹಾಕಿದರೂ ಬೆಳೆದವು.

ಇಲ್ಲಿಂದ ಅವರು ಯೋಚಿಸಿದ ದಾರಿ ನನಗೆ ತುಂಬ ಇಷ್ಟ. ಹಾವಿನ ವಿಷದ ಗ್ರಂಥಿ ಅಂದರೆ ಒಂಥರಾ ಜೊಲ್ಲಿನ ಗ್ರಂಥಿಯೇ. ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿಯಲ್ಲೂ ಅದು ಇರಬಹುದಲ್ವಾ? ನೋಡಿದರು, ಇತ್ತು. ಗಂಡಿಲಿಯಲ್ಲಿ ರಾಶಿ ಇತ್ತು. ನರ್ವ್ ಗ್ರೋತ್ ಫ್ಯಾಕ್ಟರ್, ಎನ್‌ಜಿಎಫ್, ಕೈಗೆ ಸಿಕ್ಕಿದ್ದು ಹೀಗೆ.

ನಾನು ಹೇಳಬೇಕೆಂದು ಕೂತಿರುವ ವಿಷಯ ಶುರುವಾಗುವುದು ಇದರ ಮುಂದೆ. ಈ ಗ್ರಂಥಿಯ ಸಾರವನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ದಿನಾ ಚುಚ್ಚುತ್ತಿದ್ದರು. ಇಲಿಮರಿ ಹುಟ್ಟುವಾಗ ಕೆಂಪಗೆ, ಕೂದಲಿಲ್ಲದೆ, ರೆಪ್ಪೆ ಅಂಟಿಕೊಂಡಿರುತ್ತದೆ. ಕಣ್ಣು ಬಿಡುವುದು 12ರಿಂದ 14ನೇ ದಿನಕ್ಕೆ. ಸೂಜಿ ಚುಚ್ಚಿಸಿಕೊಂಡ ಮರಿಗಳು 7ನೇ ದಿನಕ್ಕೇ ಕಣ್ಣು ಬಿಟ್ಟು ನೋಡುತ್ತಿದ್ದವು. ಮುಂದಿನ ಹಲ್ಲೂ ಬೇಗ ಬಂದಿದ್ದವು. ಎನ್‌ಜಿಎಫ್ ಅನ್ನು ಚೆನ್ನಾಗಿ ಶುದ್ಧ ಮಾಡಿ ಚುಚ್ಚಿದರೆ ಹೀಗಾಗುತ್ತಿರಲಿಲ್ಲ. ಅಂದರೆ ಇದು ಮಾಡುತ್ತಿದ್ದ ಪ್ರಯೋಗಕ್ಕೆ ಸಂಬಂಧವೇ ಇಲ್ಲದ ವಿಷಯ. ಕಲಬೆರಕೆ. ನಮ್ಮಲ್ಲಿ ಬಹಳಷ್ಟು ಜನ ಇದನ್ನು ರೆಕಾರ್ಡ್ ಬುಕ್ಕಿನ ಅಂಚಿನಲ್ಲೂ ಬರೆಯುತ್ತಿರಲಿಲ್ಲ. ಗೈಡ್ ಕೇಳಿದರೆ 'ಸಾರ್, ಸ್ವಲ್ಪ ಇಂಪ್ಯೂರಿಟಿ' ಅಂದು ಮುಗಿಸುತ್ತಿದ್ದೆವು.

ಕೋಹೆನ್ ಅದರ ಹಿಂದೆ ಬಿದ್ದರು. 1959ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದರು, ಕಣ್ಣುರೆಪ್ಪೆಯನ್ನೂ ಜೊತೆಗೆ ಕರೆದುಕೊಂಡು ಹೋದರು ಅನ್ನಿ. ಅವರ ಅಳತೆಗೋಲು ನೋಡಿ: ಸಾರವನ್ನು ಭಾಗ ಭಾಗ ಮಾಡುವುದು, ಒಂದೊಂದು ಭಾಗವನ್ನೂ ಮರಿಗಳಿಗೆ ಚುಚ್ಚುವುದು, ಯಾವ ಮರಿ ಯಾವ ದಿನ ಕಣ್ಣು ಬಿಡುತ್ತದೆ ಅಂತ ಕಾದು ನೋಡುವುದು. ಅಷ್ಟೇ. ಯಾವ ಮೆಷಿನ್ನೂ ಬೇಡ. ನಮ್ಮ ಕಾಲೇಜಿನ ಲ್ಯಾಬಿನಲ್ಲೂ ನೋಡಬಹುದು. ಆದರೆ ಹಾಗೆ ಕಾಯುತ್ತಾ ಕೂರುವ ವ್ಯವಧಾನ ಬೇಕು. 1962ರಲ್ಲಿ ಪೇಪರ್ ಬಂತು, ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿಯಲ್ಲಿ. ಲೇಖಕರು ಒಬ್ಬರೇ. ಶೀರ್ಷಿಕೆಯಲ್ಲಿ ಇರುವುದು ಇಲಿಯ ದವಡೆ ಗ್ರಂಥಿ (ಅದೇ ಜೊಲ್ಲಿನ ಗ್ರಂಥಿ), ಹಲ್ಲು, ಕಣ್ಣುರೆಪ್ಪೆ. ಕ್ಯಾನ್ಸರ್ ಅನ್ನುವ ಸುದ್ದಿಯೇ ಇಲ್ಲ.

ಆ ಪ್ರೋಟೀನಿಗೆ ಆಮೇಲೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಇಜಿಎಫ್, ಅಂತ ಹೆಸರಾಯಿತು. ರೆಪ್ಪೆ ಬೇಗ ಬಿಡಿಸಿಕೊಂಡದ್ದು ಮೇಲ್ಚರ್ಮ ಬೇಗ ಬೆಳೆದು ಬಲಿತದ್ದರಿಂದ. 1972ರ ಹೊತ್ತಿಗೆ ಅದು 53 ಅಮೈನೋ ಆಮ್ಲಗಳ ಸರಪಳಿ ಅಂತ ಪೂರ್ತಿ ಓದಿದ್ದಾಯಿತು. ಜೀವಕೋಶದ ಮೇಲೆ ಅದು ಹೋಗಿ ಕೂರುವ ಜಾಗವನ್ನು, ಅಂದರೆ ರಿಸೆಪ್ಟರನ್ನು, ಅವರ ಲ್ಯಾಬು 1975ರಿಂದ ಹಿಡಿದು ಕೆದಕಿತು. ಹೊರಗೆ ಕಾಲಿಂಗ್ ಬೆಲ್ ಒತ್ತಿದರೆ ಒಳಗೆ ಸದ್ದಾಗುವ ಹಾಗೆ, ಇಜಿಎಫ್ ಹೊರಗೆ ಬಂದು ಕೂತರೆ ಒಳಗೆ ಆ ರಿಸೆಪ್ಟರೇ ಕಿಣ್ವವಾಗಿ ಕೆಲಸ ಮಾಡಿ ಟೈರೋಸಿನ್ ಅನ್ನುವ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಅಂಟಿಸುತ್ತದೆ ಅಂತ 1980ರಲ್ಲಿ ತೋರಿಸಿದರು. 1984ರಲ್ಲಿ ಬೇರೆಯವರು ಇನ್ನೊಂದು ಗಂಟು ಬಿಡಿಸಿದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನು ಈ ರಿಸೆಪ್ಟರಿನದೇ ಕದ್ದ ತುಂಡು! ಹೊರಗೆ ಯಾರೂ ಒತ್ತದಿದ್ದರೂ ಒಳಗೆ ಬಡಿದುಕೊಳ್ಳುತ್ತಲೇ ಇರುವ ಬೆಲ್ಲು. 1986ರಲ್ಲಿ ರೀಟಾ ಅವರಿಗೂ ಕೋಹೆನ್‌ಗೂ ನೊಬೆಲ್ ಬಂತು. ಹ್ಯಾಂಬರ್ಗರ್‌ಗೆ ಬರಲಿಲ್ಲ, ಅದು ಬೇರೆ ಜಗಳ.

ಮೈಸೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದವರ ಮನೆಗೆ ಹೋಗಿ ನೋಡಿ, ಫೈಲಿನಲ್ಲಿ 'ಇಜಿಎಫ್‌ಆರ್ ಮ್ಯುಟೇಷನ್' ಅನ್ನುವ ರಿಪೋರ್ಟ್ ಇರುವ ಸಾಧ್ಯತೆ ಜಾಸ್ತಿ. ಅದು ಪಾಸಿಟಿವ್ ಬಂದರೆ ಗೆಫಿಟಿನಿಬ್ ಥರದ ಮಾತ್ರೆ. ಆ ಆರ್ ಅಂದರೆ ಇದೇ ರಿಸೆಪ್ಟರ್. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ-ಗಂಟಲಿನ ಕ್ಯಾನ್ಸರ್ ನಮ್ಮ ಕಡೆ ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ಅದಕ್ಕೆ ಬೆಂಗಳೂರಿನ ಬಯೋಕಾನ್ 2006ರಲ್ಲಿ ತಂದ ಆಂಟಿಬಾಡಿ ಔಷಧದ ಗುರಿಯೂ ಅದೇ ರಿಸೆಪ್ಟರ್. ಶುಗರ್ ಇರುವವರ ಕಾಲಿನ ಹುಣ್ಣಿಗೆ ಹಚ್ಚುವ ಇಜಿಎಫ್ ಜೆಲ್ ಹೈದರಾಬಾದಿನಲ್ಲಿ ತಯಾರಾಗುತ್ತದೆ. ಆಸ್ಟ್ರೇಲಿಯಾದಲ್ಲಂತೂ ಕುರಿಗೆ ಇಜಿಎಫ್ ಚುಚ್ಚಿ, ಕತ್ತರಿ ಇಲ್ಲದೆ ಉಣ್ಣೆ ಬಿಡಿಸುವ ವಿಧಾನ ಮಾಡಿದ್ದಾರೆ. ನಮ್ಮ ಬನ್ನೂರು ಕುರಿಗೆ ಅದರ ಗೊಡವೆ ಇಲ್ಲ ಬಿಡಿ, ಅದನ್ನು ನಾವು ಸಾಕುವುದೇ ಬೇರೆ ಕಾರಣಕ್ಕೆ.

ಈಗ ಲೆಕ್ಕಕ್ಕೆ ಬನ್ನಿ. ಇಜಿಎಫ್‌ಆರ್ ಮೇಲೆ ಇವತ್ತು ಪೇಪರ್ ಬರೆಯುವವರು 1962ರ ಆ ಪೇಪರನ್ನು ಹೆಸರಿಸಲೇಬೇಕು ಅಂತೇನಿಲ್ಲ. ಇಜಿಎಫ್ ಈಗ ಸೀಸೆಯಲ್ಲಿ ಬರುತ್ತದೆ, ಕ್ಯಾಟಲಾಗ್ ನಂಬರ್ ಬರೆದರೆ ಸಾಕು. ಒಂದು ವಿಷಯ ಎಲ್ಲರಿಗೂ ಗೊತ್ತಾಗಿಬಿಟ್ಟರೆ ಮೊದಲು ಹೇಳಿದವರನ್ನು ಉಲ್ಲೇಖಿಸುವುದು ನಿಂತುಹೋಗುತ್ತದೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಹೇಳಿದ್ದಾರೆ. ಕೆಲಸ ಗೆದ್ದಷ್ಟೂ ಸೈಟೇಷನ್ ಸೋರುತ್ತದೆ.

ಇದರ ಉಲ್ಟಾ ಉದಾಹರಣೆ ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದೆ. ಆಲಿವರ್ ಲೌರಿ ಮತ್ತು ಜೊತೆಗಾರರು 1951ರಲ್ಲಿ ಬರೆದ ಪೇಪರ್, ಪ್ರೋಟೀನ್ ಅಳೆಯುವ ವಿಧಾನ. ಬಿಎಸ್ಸಿ ಮಾಡಿದ ನಮ್ಮವರಿಗೆಲ್ಲ ಗೊತ್ತು: ಟೆಸ್ಟ್‌ಟ್ಯೂಬ್ ಸಾಲಾಗಿ ಇಡು, ತಾಮ್ರದ ದ್ರಾವಣ ಹಾಕು, ಫೋಲಿನ್ ಹಾಕು, ಅರ್ಧ ಗಂಟೆ ಬಿಡು, ನೀಲಿ ಬರುತ್ತದೆ, ಕಲರಿಮೀಟರಿನಲ್ಲಿ ಓದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಗ್ರಾಫ್ ನೇರ ಬರಲಿಲ್ಲ ಅಂತ ಅತ್ತ ಹುಡುಗಿಯರನ್ನು ನಾನು ಸಮಾಧಾನ ಮಾಡಿದ್ದೇನೆ. ಆ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್. 2014ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಹಾಕಿದಾಗ ಜಗತ್ತಿನಲ್ಲೇ ಮೊದಲ ಸ್ಥಾನ. ಉಪಯೋಗದ ವಿಧಾನ, ಗೌರವ ಸಲ್ಲಲೇಬೇಕು. ಆದರೆ ಬರೀ ಎಣಿಸಿದರೆ, ನೀಲಿ ಬಣ್ಣದ ಎದುರು ಕಣ್ಣುರೆಪ್ಪೆ ಲೆಕ್ಕಕ್ಕೇ ಇಲ್ಲ.

ಹೆಸರಿನ ಗೋಳು ಬೇರೆ ಇದೆ. ಅಮೆರಿಕದಲ್ಲಿ ಇನ್ನೊಬ್ಬ ಸ್ಟ್ಯಾನ್ಲಿ ಕೋಹೆನ್ ಇದ್ದಾರೆ, ಸ್ಟ್ಯಾನ್‌ಫರ್ಡಿನವರು, ಡಿಎನ್‌ಎ ತುಂಡುಗಳನ್ನು ಜೋಡಿಸುವ ವಿದ್ಯೆಗೆ ಹೆಸರಾದವರು. ಇಬ್ಬರನ್ನೂ ಒಬ್ಬರೇ ಅಂದುಕೊಂಡವರು ಎಷ್ಟೋ ಜನ. ಅವರದ್ದೇ ಹೀಗಾದರೆ ನಮ್ಮ ಕಡೆಯ ಗೌಡರು, ಕುಮಾರರ ಗತಿ ಏನು? ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್. ಜರ್ನಲ್ಲಿನವರು ಕೊನೆಯ ಹೆಸರು ಕೇಳುತ್ತಾರೆ, ನಾವು ಒಂದು ಸಲ ಹಾಗೆ, ಒಂದು ಸಲ ಹೀಗೆ ಬರೆಯುತ್ತೇವೆ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಸಸ್ಯಶಾಸ್ತ್ರದ ಮೇಷ್ಟ್ರ ಖಾತೆಗೆ ಮೂಳೆ ಡಾಕ್ಟರ ಪೇಪರ್ ಬಂದು ಕೂತಿರುತ್ತದೆ. ಕೆಲವರು ತೆಗೆಸುತ್ತಾರೆ. ಕೆಲವರು ಇರಲಿ ಬಿಡು ಅಂತ ಸುಮ್ನೆ ಇರುತ್ತಾರೆ.

ಸೈಟೇಷನ್ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟು ಅಚ್ಚು ಹಾಕಿಸುವ ಪುಡಿ ಜರ್ನಲ್‌ಗಳ ಕಾಲದಲ್ಲಿ ಯಾರೂ ಓದದ ಪೇಪರನ್ನು ಪತ್ತೆ ಹಚ್ಚುವುದಕ್ಕೆ ಅದೂ ಒಂದು ದಾರಿ. ನನಗೆ ಗೊತ್ತಿರುವ ಒಬ್ಬ ಹುಡುಗಿ ಮಾತ್ರ ಕಣ್ಣ ಮುಂದೆ ಬರುತ್ತಾಳೆ. ರಾಗಿ ಮೊಳಕೆ ಮೇಲೆ ಕೆಲಸ ಮಾಡುತ್ತಿದ್ದಳು. ಒಂದು ಭಾಗದಲ್ಲಿ ಬರಬಾರದ ಕಿಣ್ವ ಬರುತ್ತಿತ್ತು, ಪ್ರತಿ ಸಲವೂ. ಅದನ್ನು ಹಿಡಿದುಕೊಂಡು ಹೋಗುತ್ತೇನೆ ಅಂದಳು. ಬೇಡಮ್ಮ, ಪೇಪರ್ ಆಗೋದು ತಡ ಆಗುತ್ತೆ, ಮೊದಲು ಇದ್ದದ್ದನ್ನು ಬರೆದು ಕಳಿಸು ಅಂದರು ಅವಳ ಗೈಡ್. ಅವರೂ ಕೆಟ್ಟವರಲ್ಲ. ಅವರ ಪ್ರಮೋಷನ್ ಫೈಲಿನಲ್ಲಿ ಪೇಪರಿಗೆ ಅಂಕ ಇದೆ, ಅನುಮಾನಕ್ಕೆ ಅಂಕ ಇಲ್ಲ.

ಹಾಗಾಗಿ ನಾನು ಕೇಳುವುದು ತುಂಬ ಸಣ್ಣ ಬದಲಾವಣೆ. ಕೆಲಸದ ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಕಾಲಂ ಇರಲಿ. ಅದರ ಪಕ್ಕದಲ್ಲಿ ಅಭ್ಯರ್ಥಿ ತನ್ನ ಒಂದೇ ಒಂದು ಪೇಪರ್ ಲಗತ್ತಿಸಲಿ, ಇದರಲ್ಲಿ ನಾನು ಕಂಡದ್ದು ಇದು ಅಂತ ಒಂದು ಪುಟ ಬರೆಯಲಿ. ಇಂಟರ್ವ್ಯೂಗೆ ಬರುವ ತಜ್ಞರು ಅದನ್ನು ಓದಿಕೊಂಡು ಬಂದು ಪ್ರಶ್ನೆ ಕೇಳಲಿ. ಈ ಮಾತನ್ನು ಒಂದು ಮೀಟಿಂಗಿನಲ್ಲಿ ಎತ್ತಿದಾಗ ಹಿರಿಯರೊಬ್ಬರು 'ಅಷ್ಟೆಲ್ಲ ಓದುತ್ತಾ ಕೂರೋಕೆ ತಜ್ಞರಿಗೆ ಟೈಮೆಲ್ಲಿದೆ ಸ್ವಾಮಿ?' ಅಂದರು. ಓದೋಕೆ ಟೈಮಿಲ್ಲದವರನ್ನು ಕಾರು ಕಳಿಸಿ, ಟಿಎ-ಡಿಎ ಕೊಟ್ಟು ಕರೆಸುವುದು ಯಾತಕ್ಕೆ ಅಂತ ನಾನೂ ಕೇಳಿದೆ. ಉತ್ತರ ಬರುವ ಮೊದಲೇ ಕಾಫಿ ಬಂತು.