ಮಹಾತ್ಮ ಗಾಂಧಿ ರಸ್ತೆಯಿಂದ ಐನೂರು ಮೀಟರ್

2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಟಾರ್ಗೆಟ್ 40,000 ಕೋಟಿ ರೂಪಾಯಿ. ಅದನ್ನು ಓದಿದ ದಿನದಿಂದ ನಮ್ಮ ಬೀದಿಯ ಕುಡುಕರ ಮೇಲೆ ನನಗೆ ಗೌರವ ಜಾಸ್ತಿಯಾಗಿದೆ. ಸಂಜೆ ಏಳಕ್ಕೆ ವೈನ್ ಶಾಪಿನ ಗ್ರಿಲ್ಲಿನೊಳಗೆ ಕೈ ತೂರಿಸಿ ನಿಂತವರು ಸುಮ್ನೆ ಕ್ವಾರ್ಟರ್ ಕೇಳುತ್ತಿಲ್ಲ, ರಾಜ್ಯದ ಖಜಾನೆ ತುಂಬಿಸುತ್ತಿದ್ದಾರೆ. ಅಂಗಡಿಯವನು ಬಾಟಲಿಗೆ ನಿನ್ನೆಯ ಪೇಪರ್ ಸುತ್ತಿ ಕೊಡುತ್ತಾನೆ. ಇವರು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಶರ್ಟ್ ಕೆಳಗೆಳೆದು, ಆಚೀಚೆ ನೋಡಿ ಜಾಗ ಖಾಲಿ ಮಾಡುತ್ತಾರೆ. ಇಷ್ಟು ತೆರಿಗೆ ಕಟ್ಟಿ ಇಷ್ಟು ನಾಚಿಕೊಳ್ಳುವ ಪ್ರಜೆಗಳು ಇನ್ನೆಲ್ಲಿ ಸಿಗಬೇಕು?

ನಾಚಿಕೆ ಸರ್ಕಾರಕ್ಕೂ ಇದೆ. ಅದಕ್ಕೇ ಮದ್ಯಪಾನ ಸಂಯಮ ಮಂಡಳಿ ಅಂತ ಒಂದನ್ನು ಸಾಕಿಕೊಂಡಿದೆ. ಸರ್ಕಾರದ್ದೇ ಪಾನೀಯ ನಿಗಮ ಮದ್ಯವನ್ನು ಸಗಟಿನಲ್ಲಿ ಮಾರುತ್ತದೆ, ಸಂಯಮ ಮಂಡಳಿ ಕುಡಿಯಬೇಡಿ ಅನ್ನುತ್ತದೆ. ಸರ್ಕಾರದ ಇನ್ನೊಂದು ಕಂಪನಿ ಎಂಎಸ್‌ಐಎಲ್ ಅಂತೂ ಇನ್ನೂ ದೊಡ್ಡ ಮನಸ್ಸಿನದು. ಮಗನಿಗೆ ಲೇಖಕ್ ನೋಟ್‌ಬುಕ್, ಅಮ್ಮನಿಗೆ ಚಿಟ್ ಫಂಡ್, ಅಪ್ಪನಿಗೆ ಎಂಆರ್‌ಪಿ ದರದಲ್ಲಿ ನೈಂಟಿ. ಇಡೀ ಸಂಸಾರ ಒಂದೇ ಕಂಪನಿಯ ಉಸ್ತುವಾರಿಯಲ್ಲಿ.

ಬೆಂಗಳೂರಿಗೆ ಇದೆಲ್ಲ ಹೊಸದಲ್ಲ. 1809ರಲ್ಲಿ ಬ್ರಿಟಿಷರ ದಂಡು ಬಂತು, ಅದರ ಹಿಂದೆಯೇ ಬಾಯಾರಿಕೆಯೂ ಬಂತು. ಬೆಂಗಳೂರು ಕ್ಲಬ್ಬಿನಲ್ಲಿ 1899ರ ಒಂದು ಲೆಕ್ಕದ ಪುಸ್ತಕ ಇದೆ. ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ. ಹೌದು, ಅದೇ ಚರ್ಚಿಲ್. ನಮ್ಮ ಬೀದಿಯಲ್ಲಿ 13 ರೂಪಾಯಿ ಬಾಕಿ ಇಟ್ಟವನ ಕಾಲರ್ ಹಿಡಿಯುತ್ತಾರೆ. ಅಲ್ಲಿ ಬಂದ ನೆಂಟರಿಗೆಲ್ಲ ಪುಸ್ತಕ ತೆಗೆದು ತೋರಿಸುತ್ತಾರೆ. ಸಾಲ ಮಾಡಿದರೂ ಪ್ರಧಾನಿ ಆಗುವವನೇ ಮಾಡಬೇಕು.

ಆಮೇಲೆ ಕಾಕ್ಬರ್ನ್ ರಸ್ತೆಯಲ್ಲಿ 1933ರ ಡೀವರ್ಸ್ ಬಾರು, ಅದರ ಬೆತ್ತದ ಕುರ್ಚಿಗಳು. ಎಂಬತ್ತರ ದಶಕದಲ್ಲಿ ಪಬ್ಬು ಬಂದವು. ಚರ್ಚ್ ಸ್ಟ್ರೀಟಿನಲ್ಲಿ ಒಂದು ಪಬ್ಬು ಒಳಗೆಲ್ಲ ರಾಕೆಟ್ಟಿನ ಹಾಗಿತ್ತು, ಹೆಸರು ನಾಸಾ. ಇಸ್ರೊ ಇರುವ ಊರು ಸ್ವಾಮಿ ಇದು! ಎರಡು ಮಗ್ ಇಳಿಸಿ ಮೇಲಕ್ಕೆ ಹೋಗಬೇಕಾದರೂ ಅಮೆರಿಕದ ರಾಕೆಟ್ಟೇ ಬೇಕಾಯಿತು. ಬಿಯರ್ ತಯಾರಾಗುತ್ತಿದ್ದ ಹಳೇ ಬ್ರೂವರಿ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಅಲ್ಲಿ ಫಾರಿನ್ ಹ್ಯಾಂಡ್‌ಬ್ಯಾಗಿನ ಬೆಲೆ ಕೇಳಿದರೆ ಕುಡಿಯದೆಯೇ ತಲೆ ತಿರುಗುತ್ತದೆ.

ಇನ್ನು ಎಂ.ಜಿ. ರೋಡ್. ಸೌತ್ ಪರೇಡ್ ಆಗಿದ್ದ ಅದಕ್ಕೆ 1948ರಲ್ಲಿ ಮಹಾತ್ಮನ ಹೆಸರಿಟ್ಟೆವು. ಆಮೇಲೆ ಅದರ ಅಕ್ಕಪಕ್ಕವೇ ಬಾರು, ಪಬ್ಬು ತುಂಬಿಸಿದೆವು. ಗಾಂಧಿ ಕೈಲಿ ಮುಚ್ಚಿಸಲು ಆಗದ್ದನ್ನು ಕಡೆಗೆ ಮುಚ್ಚಿಸಿದ್ದು ಟೇಪು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಜುಲೈ 1ಕ್ಕೆ ಎಂ.ಜಿ. ರೋಡು, ಬ್ರಿಗೇಡ್ ರೋಡಿನ ಬಾರುಗಳ ಶಟರ್ ಇಳಿಯಿತು. ಆಗಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು, ತಾವು ದಿನಾ ಸಿಗ್ನಲ್ಲಿನಲ್ಲಿ ಕಾಯುವುದು ಹೆದ್ದಾರಿಯ ಮೇಲೆ ಅಂತ. ವೇಗವಾಗಿ ಓಡಿಸುವ ಕುಡುಕರನ್ನು ತಡೆಯಲು ಬಂದ ಆದೇಶ, ಯಾವ ಗಾಡಿಯೂ ಓಡದ ರಸ್ತೆಗೆ ಬಂದು ಕೂತಿತು.

ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ಜಾಣರು. ಹೆದ್ದಾರಿಯಿಂದ ಬಾಗಿಲಿನವರೆಗೆ ಸುತ್ತು ಸುತ್ತಾಗಿ ದಾರಿ ಕಟ್ಟಿ ದೂರ ಹೆಚ್ಚಿಸಿಕೊಂಡರು. ಚಕ್ರವ್ಯೂಹವೇ ಅನ್ನಿ. ಗಿರಾಕಿಗಳೆಲ್ಲ ಅಭಿಮನ್ಯುಗಳು, ಒಳಗೆ ಹೋಗುವುದು ಮಾತ್ರ ಗೊತ್ತು. ನಮ್ಮವರು ಅಷ್ಟು ಕಷ್ಟಪಡಲಿಲ್ಲ. ಬಾರು ಸರಿಯದಿದ್ದರೆ ಹೆದ್ದಾರಿಯನ್ನೇ ಸರಿಸೋಣ ಅಂತ, ಊರೊಳಗಿನ ರಸ್ತೆಗಳನ್ನು ಹೆದ್ದಾರಿ ಪಟ್ಟಿಯಿಂದ ತೆಗೆಸಲು ಕಾಗದ ಹಿಡಿದು ಓಡಾಡಿದರು. ಅಷ್ಟರಲ್ಲಿ ಕೋರ್ಟೇ ನಗರಸಭೆ ವ್ಯಾಪ್ತಿಗೆ ಇದು ಅನ್ವಯಿಸುವುದಿಲ್ಲ ಅಂದಿತು. ಶಟರ್ ಮೇಲೆದ್ದಿತು.

ಲೈಸೆನ್ಸಿನ ಕತೆಯೂ ಹೀಗೇ. 1992ರಲ್ಲಿ ಹೊಸ ಸಿಎಲ್-2, ಸಿಎಲ್-9, ಅಂದರೆ ವೈನ್ ಶಾಪು, ಬಾರುಗಳ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿದರು. ಆದರೆ ಸಿಎಲ್-7 ಇತ್ತಲ್ಲ, ಲಾಡ್ಜುಗಳಿಗೆ ಕೊಡುವಂಥದ್ದು. ಊರಿಗೆ ಇದ್ದಕ್ಕಿದ್ದಂತೆ ಅತಿಥಿ ಸತ್ಕಾರದ ಹುಮ್ಮಸ್ಸು ಬಂತು. ಕೆಳಗೆ ಬಾರು, ಮೇಲೆ ರೂಮು. ಒಂದು ಕಡೆ ನಿಜವಾಗಿಯೂ ರೂಮ್ ಕೇಳಿ ನೋಡಿದೆ. ಮ್ಯಾನೇಜರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ ಸಾರ್?" ಅಂದ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. 2007ರ ಜುಲೈ 1ರಿಂದ ಸಾರಾಯಿ ಬಂದ್ ಮಾಡಿದರು. ಕುಡಿಯುವವನು ಕುಡಿತ ಬಿಡಲಿಲ್ಲ, ಪ್ಯಾಕೆಟ್ ಬಿಟ್ಟು ದುಬಾರಿ ಬಾಟಲಿ ಹಿಡಿದ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು, ಮದ್ಯ ನಿಲ್ಲಿಸಿ ಅಂತ. ಸುಮಾರು 200 ಕಿಲೋಮೀಟರ್. ಗಂಡನ ಕೂಲಿ ಎಲ್ಲಿ ಹೋಗುತ್ತದೆ, ರಾತ್ರಿ ಮನೆಯಲ್ಲಿ ಏನಾಗುತ್ತದೆ ಅಂತ ಹೇಳಲು ಬಂದಿದ್ದರು. ನಮ್ಮ ಐನೂರು ಮೀಟರ್ ಅಳೆಯಲು ವಕೀಲರಿದ್ದರು, ಮಂತ್ರಿಗಳಿದ್ದರು. ಅವರ ಇನ್ನೂರು ಕಿಲೋಮೀಟರನ್ನು ಯಾರೂ ಅಳೆಯಲಿಲ್ಲ. ನನಗೇನೂ ಪಾನ ನಿಷೇಧ ಬೇಕು ಅಂತಿಲ್ಲ, ಬಿಯರ್ ನಾನೂ ಕುಡಿಯುತ್ತೇನೆ. ಆದರೆ ಅವರ ಮನೆಯ ದುಡ್ಡಿಗೇ ಟಾರ್ಗೆಟ್ ಇಟ್ಟು, ಅವರಿಗೇ ಸಂಯಮದ ಪಾಠ ಹೇಳುವುದಿದೆಯಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ಕಳೆದ ಅಕ್ಟೋಬರ್ 1ರ ಸಂಜೆ ನಮ್ಮ ಬೀದಿಯ ಅಂಗಡಿ ಮುಂದೆ ಕ್ಯೂ ಮೂಲೆಯ ಹಾಲಿನ ಬೂತು ದಾಟಿತ್ತು. ನಾನು ಒಂದು ಬಿಯರ್ ಕೇಳಿದೆ. ಅಂಗಡಿಯವನು ಎರಡು ತೆಗೆದಿಟ್ಟ.

"ನಾಳೆ ಗಾಂಧಿ ಜಯಂತಿ ಸಾರ್."