ಗೊರಿಲ್ಲಾ ಪರ್ಮಿಟ್ ದುಬಾರಿಯಲ್ಲ, ಬಾಟ್ವಾ ಜನರ ಪಾಲು ಸಣ್ಣದು

ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಒಂದು ಗಂಟೆ ಗೊರಿಲ್ಲಾ ನೋಡೋಕೆ 800 ಡಾಲರಾ? ಹೌದು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 70,000 ರೂಪಾಯಿ, ಅದೂ ಬರೀ ಪರ್ಮಿಟ್‌ಗೆ. ಪಕ್ಕದ ರುವಾಂಡಾದಲ್ಲಿ 1500 ಡಾಲರ್. ದರ ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ. ಆ ದುಡ್ಡು ಯಾರಿಗೆ ಸೇರುತ್ತದೆ ಅನ್ನುವುದರ ಬಗ್ಗೆ ಮಾತ್ರ ತಕರಾರಿದೆ.

ಬೆಳಿಗ್ಗೆ ಬೇಗನೆ ಟ್ರ್ಯಾಕರ್‌ಗಳು ಗೊರಿಲ್ಲಾ ಗುಂಪು ಹಿಂದಿನ ದಿನ ಇದ್ದ ಜಾಗಕ್ಕೆ ಹೋಗಿ ಜಾಡು ಹಿಡಿಯುತ್ತಾರೆ. ನಾವು ಅವರ ಹಿಂದೆ ಹತ್ತಬೇಕು. ದಾರಿ ಅಂತ ಏನೂ ಇಲ್ಲ. ರೇಂಜರ್ ಕತ್ತಿಯಲ್ಲಿ ಬಳ್ಳಿ ಸವರುತ್ತಾ ಹೋದ ಕಡೆಯೇ ದಾರಿ. ಕೆಸರು, ಕಡಿದಾದ ಇಳಿಜಾರು, ಕೈ ಇಟ್ಟಲ್ಲೆಲ್ಲ ತುರಿಕೆ ಗಿಡ. ಮೊದಲು ಮೂಗಿಗೆ ಬಡಿದದ್ದು ಬೆವರಿನ ಘಾಟು. ಆಮೇಲೆ ಕಂಡಿತು, ಬೆನ್ನೆಲ್ಲ ಬೆಳ್ಳಗಾದ ದೊಡ್ಡ ಗಂಡು. ಬಳ್ಳಿಯೊಂದನ್ನು ಎಳೆದುಕೊಂಡು, ಎಲೆಯನ್ನೆಲ್ಲ ಒಂದೇ ಸಲಕ್ಕೆ ಮುಷ್ಟಿಯಲ್ಲಿ ಬಾಚಿ ಬಾಯಿಗೆ ಹಾಕಿಕೊಂಡಿತು. ರೇಂಜರ್ ಗಂಟಲಿನಿಂದ ತಗ್ಗಿದ ದನಿಯಲ್ಲಿ 'ಹ್ಮ್‌ಮ್' ಅಂದರು. ನಾವು ತಂಟೆಗೆ ಬಂದವರಲ್ಲ ಅಂತ ತಿಳಿಸುವುದು ಹೀಗೆ. ಅದೂ ಹಾಗೇ 'ಹ್ಮ್‌ಮ್' ಅಂದು ತಿನ್ನುವುದನ್ನು ಮುಂದುವರಿಸಿತು.

ಒಂದು ಗುಂಪಿನ ಹತ್ತಿರ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಮುಖಕ್ಕೆ ಮಾಸ್ಕ್. ನೆಗಡಿ ಇದ್ದರೆ ಹೋಗುವ ಹಾಗಿಲ್ಲ. ಇದು ಸುಮ್ನೆ ಕಟ್ಟುನಿಟ್ಟಲ್ಲ. 1996ರಲ್ಲಿ ಇಲ್ಲಿನ ಗೊರಿಲ್ಲಾಗಳಿಗೆ ಮನುಷ್ಯರಿಂದಲೇ ಕಜ್ಜಿ ಹತ್ತಿ ಒಂದು ಮರಿ ಸತ್ತಿತು. ಅವಕ್ಕೆ ಚಿಕಿತ್ಸೆ ಕೊಟ್ಟ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಆಮೇಲೆ ಒಂದು ಸಂಸ್ಥೆ ಕಟ್ಟಿದರು. ಅದು ಗೊರಿಲ್ಲಾಗಳ ಜೊತೆಗೆ ಕಾಡಂಚಿನ ಹಳ್ಳಿಗಳ ಆರೋಗ್ಯವನ್ನೂ ನೋಡಿಕೊಳ್ಳುತ್ತದೆ. ಹಳ್ಳಿಯವರು ಆರೋಗ್ಯವಾಗಿದ್ದರೆ ತಾನೇ ಗೊರಿಲ್ಲಾ ಉಳಿಯುವುದು?

2018ರ ಲೆಕ್ಕದಲ್ಲಿ ಬ್ವಿಂಡಿ ಸೀಮೆಯಲ್ಲಿ 459 ಗೊರಿಲ್ಲಾ, ಇಡೀ ಪ್ರಪಂಚದಲ್ಲಿ 1063. ಬೆಟ್ಟದ ಗೊರಿಲ್ಲಾ ಅಂದರೆ ಇಷ್ಟೇ. ಯಾವ ಮೃಗಾಲಯದಲ್ಲೂ ಇಲ್ಲ. (ಮೈಸೂರಿನಲ್ಲಿರುವುದು ಬೇರೆ, ತಗ್ಗು ಪ್ರದೇಶದ್ದು.) ಸಂಖ್ಯೆ ಏರುತ್ತಿದೆ ಅಂದರೆ ಅದಕ್ಕೆ ಈ ಪರ್ಮಿಟ್ ದುಡ್ಡೂ ಕಾರಣ. ರೇಂಜರ್‌ಗಳ ಸಂಬಳ, ಉರುಳು ಕಿತ್ತು ಹಾಕುವ ಗಸ್ತು, ಎಲ್ಲ ಇದರಿಂದಲೇ ನಡೆಯಬೇಕು.

ಈಗ ತಕರಾರಿಗೆ ಬರುತ್ತೇನೆ. ಈ ಕಾಡಿನಲ್ಲಿ ಬಾಟ್ವಾ ಜನ ತಲೆತಲಾಂತರದಿಂದ ಬೇಟೆಯಾಡಿ, ಜೇನು ಕಿತ್ತು ಬದುಕಿದ್ದರು. 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿ ಅವರನ್ನು ಹೊರಗೆ ಹಾಕಿದರು. ಹೆಚ್ಚಿನವರಿಗೆ ಜಮೀನೂ ಇಲ್ಲ, ಪರಿಹಾರವೂ ಇಲ್ಲ. ಇವತ್ತು ಎಷ್ಟೋ ಜನ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಾರೆ, ಪ್ರವಾಸಿಗರ ಮುಂದೆ ಕುಣಿಯುತ್ತಾರೆ. ನಾಗರಹೊಳೆಯ ಜೇನು ಕುರುಬರ ಕಥೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಲ್ಲಿದ್ದ ಅಷ್ಟು ಹೊತ್ತೂ ನನಗೆ ಅವರದ್ದೇ ನೆನಪು.

ಪರ್ಮಿಟ್‌ನಲ್ಲಿ ಸುತ್ತಲಿನ ಹಳ್ಳಿಗಳ ನಿಧಿಗೆ ಅಂತ ಎತ್ತಿಡುವುದು 10 ಡಾಲರ್. ಅದರಲ್ಲಿ ಎಲ್ಲ ಹಳ್ಳಿಗಳೂ ಪಾಲುದಾರರು, ಬಾಟ್ವಾ ಜನರದ್ದು ಅದರೊಳಗಿನ ಒಂದು ಚೂರು. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯವೇ ಅವರ ಪರ ತೀರ್ಪು ಕೊಟ್ಟಿತು. ಹಾಗಿದ್ದ ಮೇಲೆ ಪರ್ಮಿಟ್ ದರ 850 ಮಾಡಲಿ, ಮೇಲಿನ 50 ಡಾಲರ್ ಪೂರ್ತಿ ಬಾಟ್ವಾ ಕುಟುಂಬಗಳ ಜಮೀನಿಗೆ, ಮಕ್ಕಳ ಓದಿಗೆ ಹೋಗಲಿ. 800 ಕೊಡುವವನು 850 ಕೇಳಿದರೆ ವಾಪಸ್ ಹೋಗುವುದಿಲ್ಲ. ಟ್ರ್ಯಾಕರ್ ಕೆಲಸವನ್ನೂ ಮೊದಲು ಅವರಿಗೇ ಕೊಡಲಿ. ಆ ಕಾಡಿನ ಜಾಡು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?